ಹಾಜರಿ ಪಟ್ಟಿಯಿಂದ ಹೆಸರು ತೆಗೆದರೆ ಕೆಲಸ ಹೋಯಿತೇ?

ಊರಿನಲ್ಲಿ ಹಿರಿಯರ ಕಾಯಿಲೆಯೆಂದು ಅವಸರದಲ್ಲಿ ಹೊರಟು, ಇಪ್ಪತ್ತು ದಿನಗಳ ನಂತರ ಮಹಾನಗರಕ್ಕೆ ಮರಳಿದಾಗ "ನಿನ್ನ ಹೆಸರು ತೆಗೆದಾಗಿದೆ" ಎಂಬ ಮಾತನ್ನು ಗೇಟಿನಲ್ಲೇ ಕೇಳಬೇಕಾಗಿ ಬಂದವರು ನಮ್ಮವರಲ್ಲಿ ಕಡಿಮೆಯೇನಿಲ್ಲ. ಕಾಯಂ ನೌಕರನಿಗೆ ಒಂದು ನೋಟೀಸಾದರೂ ಬರುತ್ತದೆ. ಹಂಗಾಮಿಯ ವಿಷಯದಲ್ಲಿ ಮಾತ್ರ "ಅವನೇ ಕೆಲಸ ಬಿಟ್ಟುಹೋದ" ಎಂಬ ಒಂದೇ ಉತ್ತರ. ಈ ಉತ್ತರ ಕಾನೂನಿನ ಮುಂದೆ ನಿಲ್ಲುವುದೇ ಎಂಬುದನ್ನು ಇಲ್ಲಿ ವಿವರಿಸಲು ಬಯಸುತ್ತೇವೆ.

ದಕ್ಷಿಣ ರೈಲ್ವೆಯಲ್ಲಿ ಬಹುಕಾಲ ದಿನಗೂಲಿಯಾಗಿ ದುಡಿದವರೊಬ್ಬರ ಹೆಸರನ್ನು ಗೈರುಹಾಜರಿಯ ಕಾರಣಕ್ಕೆ ಪಟ್ಟಿಯಿಂದ ತೆಗೆಯಲಾಗಿತ್ತು. 1982ರ ರಾಬರ್ಟ್ ಡಿಸೋಜಾ ಪ್ರಕರಣವೆಂದು ಹೆಸರಾದ ಈ ವ್ಯಾಜ್ಯದಲ್ಲಿ, ಹಾಗೆ ಹೆಸರು ತೆಗೆಯುವುದೂ 'ರಿಟ್ರೆಂಚ್‌ಮೆಂಟ್' ಎಂದೇ ಸರ್ವೋಚ್ಚ ನ್ಯಾಯಾಲಯ ತೀರ್ಮಾನಿಸಿತು. ಅಂದರೆ ಒಂದು ತಿಂಗಳ ನೋಟೀಸು ಅಥವಾ ಅದರ ಸಂಬಳ, ಜೊತೆಗೆ ಸೇವೆಯ ಪ್ರತಿ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರ ಕೊಡದೆ ತೆಗೆಯುವಂತಿಲ್ಲ.

1993ರ ಡಿ.ಕೆ. ಯಾದವ್ ಪ್ರಕರಣ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಎಂಟು ದಿನಕ್ಕಿಂತ ಹೆಚ್ಚು ರಜೆಯಿಲ್ಲದೆ ಗೈರಾದರೆ ಕೆಲಸದ ಹಕ್ಕು ತಾನಾಗಿಯೇ ಹೋಗುತ್ತದೆಂದು ಆ ಕಂಪೆನಿಯ ಸ್ಥಾಯೀ ಆದೇಶದಲ್ಲಿತ್ತು. ತನ್ನನ್ನು ಗೇಟಿನಲ್ಲೇ ತಡೆದರೆಂಬುದು ಕಾರ್ಮಿಕನ ವಾದ. ಜೀವನೋಪಾಯವನ್ನು ಕಸಿಯುವ ಮೊದಲು ಅವನ ಮಾತನ್ನು ಕೇಳಲೇಬೇಕೆಂದ ನ್ಯಾಯಾಲಯ, ಅರ್ಧದಷ್ಟು ಹಿಂಬಾಕಿ ವೇತನದೊಡನೆ ಅವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವಂತೆ ಆದೇಶಿಸಿತು.

ಆದರೆ ಹಂಗಾಮಿ ನೌಕರರು ಬಹುಮಟ್ಟಿಗೆ ಸೋಲುವುದು ಬೇರೆಡೆ. ಪರಿಹಾರದ ಹಕ್ಕಿಗೆ ಹಿಂದಿನ 12 ತಿಂಗಳಲ್ಲಿ 240 ದಿನ ದುಡಿದಿರಬೇಕು. ಅದನ್ನು ತೋರಿಸುವ ಹೊಣೆ ಕಾರ್ಮಿಕನದೇ. ಕರ್ನಾಟಕದ ಅರಣ್ಯ ಇಲಾಖೆಯ ದಿನಗೂಲಿಯೊಬ್ಬರ ಪ್ರಕರಣದಲ್ಲಿ (2002) ಬರಿಯ ಪ್ರಮಾಣಪತ್ರ ಸಾಲದೆಂದು ತೀರ್ಪಾಯಿತು. ಕರ್ನಾಟಕದಿಂದಲೇ ಹೋದ ಯೆಲ್ಲಟ್ಟಿ ಪ್ರಕರಣದಲ್ಲಿ ಮಾತ್ರ ಅಧಿಕಾರಿಯೊಬ್ಬರು ಕೊಟ್ಟಿದ್ದ ಸೇವಾ ಪತ್ರವೇ ಕಾರ್ಮಿಕನನ್ನು ಕಾಪಾಡಿತು. ಒಂದು ಹಾಳೆ ಕಾಗದದ ಬೆಲೆ ಎಷ್ಟೆಂದು ನಾವು ಬೇರೆ ಹೇಳಬೇಕಾಗಿಲ್ಲ.

2006ರ ಉಮಾದೇವಿ ತೀರ್ಪನ್ನು ತೋರಿಸಿ ಹಂಗಾಮಿಗಳಿಗೆ ಹಕ್ಕೇ ಇಲ್ಲವೆನ್ನುವವರುಂಟು. ಅದು ಸರ್ಕಾರಿ ಸೇವೆಯಲ್ಲಿ ಕಾಯಂಗೊಳಿಸುವ ಪ್ರಶ್ನೆ. ವಜಾದ ಪ್ರಶ್ನೆ ಬೇರೆ. ಆದರೂ ದಿನಗೂಲಿಯವರಿಗೆ ಈಚೆಗೆ ಮರುನೇಮಕದ ಬದಲು ಹಣದ ಪರಿಹಾರ ಸಿಗುವುದೇ ಹೆಚ್ಚು. ಇನ್ನು ಕರಾರಿನ ಅವಧಿ ಮುಗಿದು ನಿಂತ ಕೆಲಸ ರಿಟ್ರೆಂಚ್‌ಮೆಂಟ್ ಎನಿಸದು.

1947ರ ಕೈಗಾರಿಕಾ ವಿವಾದ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧ ಸಂಹಿತೆ ಬಂದಿದೆ. ನೋಟೀಸು, 15 ದಿನಗಳ ಲೆಕ್ಕ ಅದರಲ್ಲೂ ಇವೆ. ದೂರಿನ ಅವಧಿ ಮಾತ್ರ ಮೂರು ವರ್ಷದಿಂದ ಎರಡಕ್ಕೆ ಇಳಿದಿದೆ. ಆದುದರಿಂದ ಊರಿನಲ್ಲಿ ತಡವಾಗುವುದಾದರೆ ಅಲ್ಲಿಂದಲೇ ಸ್ಪೀಡ್ ಪೋಸ್ಟ್‌ನಲ್ಲಿ ಒಂದು ಪತ್ರ ಬರೆದು, ರಸೀದಿಯನ್ನೂ ವೈದ್ಯರ ಚೀಟಿಯನ್ನೂ ಜೋಪಾನವಾಗಿ ಇಟ್ಟುಕೊಳ್ಳಬೇಕೆಂದು ನಮ್ಮ ಓದುಗರಲ್ಲಿ ವಿನಂತಿಸುತ್ತೇವೆ.