ಸೈನ್ಯಕ್ಕೆ ಆಳು ಕಡಿಮೆ, ಭರತಿ ಮೈದಾನದಲ್ಲಿ ಹುಡುಗರು ಹೆಚ್ಚು

ಗಡಿನಾಡಿನ ಕನ್ನಡಿಗ ಸೈನ್ಯಕ್ಕೆ ಸೇರುವುದನ್ನು ಒಂದೊಂದು ಕಡೆ ಒಂದೊಂದು ಮಾತಿನಲ್ಲಿ ಹೇಳುತ್ತಾನೆ. ಜತ್ತ, ಅಕ್ಕಲಕೋಟೆ ಕಡೆ 'ಭರತಿಗೆ ಹೋಗೋದು'. ಕಾಸರಗೋಡಿನಲ್ಲಿ 'ಪಟ್ಟಾಳಕ್ಕೆ ಸೇರುವುದು'. ಹೊಸೂರು, ಮಡಕಶಿರಾ ಕಡೆ 'ಮಿಲ್ಟ್ರಿ'. ಮಾತು ಬೇರೆಯಾದರೂ ಯುದ್ಧದ ಸುದ್ದಿ ಬಂದಾಗ ಹುಟ್ಟುವ ಪ್ರಶ್ನೆ ಮಾತ್ರ ಒಂದೇ: ಲಡಾಯಿ ದೊಡ್ಡದಾದರ ಮನೆಗೊಬ್ಬ ಹುಡುಗನ್ನ ಸರ್ಕಾರ ಎಳಕೊಂಡು ಹೋಗ್ತದೇನು?

2025ರ ಮೇ ತಿಂಗಳಲ್ಲಿ 'ಆಪರೇಷನ್ ಸಿಂಧೂರ್' ಸಮಯದಲ್ಲಿ ಈ ಪ್ರಶ್ನೆಗೆ ಇನ್ನಷ್ಟು ಕಾವು ಬಂತು. ಟೆರಿಟೋರಿಯಲ್ ಆರ್ಮಿಯನ್ನು ಕರೆಸಿಕೊಳ್ಳುವ ಅಧಿಕಾರವನ್ನು ಕೇಂದ್ರ ಸರ್ಕಾರ ಸೇನಾ ಮುಖ್ಯಸ್ಥರಿಗೆ ಕೊಟ್ಟಿತು. ಇದು ಕಡ್ಡಾಯ ಸೇವೆಯ ಮುನ್ಸೂಚನೆ ಎಂದು ಅನೇಕರು ತಿಳಿದರು. ಅದು ತಪ್ಪು ತಿಳಿವಳಿಕೆ. ಟೆರಿಟೋರಿಯಲ್ ಆರ್ಮಿ 1948ರ ಕಾಯ್ದೆಯ ಪ್ರಕಾರ ಕಟ್ಟಿದ ಸ್ವಯಂಸೇವಕರ ಪಡೆ. ತಮ್ಮ ನೌಕರಿ, ವ್ಯಾಪಾರ ಇಟ್ಟುಕೊಂಡೇ ಕೆಲವರು ಅದಕ್ಕೆ ಸೇರಿರುತ್ತಾರೆ, ಅಗತ್ಯ ಬಿದ್ದಾಗ ಸಮವಸ್ತ್ರ ತೊಡುತ್ತಾರೆ. ಅದರ 32 ಕಾಲಾಳು ಬೆಟಾಲಿಯನ್‌ಗಳಲ್ಲಿ 14ನ್ನು ಬಳಸಿಕೊಳ್ಳಲು ಆಗ ಅನುಮತಿ ಸಿಕ್ಕಿತು. ಹೆಸರು ಕೊಟ್ಟು ಸೇರಿದವರನ್ನು ಕರೆಯುವುದು ಬೇರೆ, ಹೊಲದಲ್ಲಿರುವವನನ್ನು ಹಿಡಿದು ತರುವುದು ಬೇರೆ.

ಕಾನೂನು ಏನನ್ನುತ್ತದೆ?

ಭಾರತದಲ್ಲಿ ಜನಸಾಮಾನ್ಯರನ್ನು ಕಡ್ಡಾಯವಾಗಿ ಸೈನ್ಯಕ್ಕೆ ಸೇರಿಸುವ ಕಾನೂನು ಸ್ವಾತಂತ್ರ್ಯ ಬಂದಂದಿನಿಂದ ಜಾರಿಗೆ ಬಂದೇ ಇಲ್ಲ. 1962, 1965, 1971, 1999 ಈ ಎಲ್ಲ ಯುದ್ಧಗಳನ್ನೂ ತಾವಾಗಿ ಸೇರಿದವರೇ ಮಾಡಿದರು. ಹಾಗೆಂದು ಸಂವಿಧಾನ ಆ ಬಾಗಿಲನ್ನು ಪೂರ್ತಿ ಮುಚ್ಚಿಲ್ಲ. ಬಿಟ್ಟಿ ದುಡಿಮೆಯನ್ನು ನಿಷೇಧಿಸುವ 23ನೇ ವಿಧಿಯಲ್ಲೇ ಎರಡನೆಯ ಉಪವಿಧಿ ಇದೆ. ಸಾರ್ವಜನಿಕ ಉದ್ದೇಶಕ್ಕಾಗಿ ಕಡ್ಡಾಯ ಸೇವೆ ಹೇರಲು ಸರ್ಕಾರಕ್ಕೆ ಅದು ಅವಕಾಶ ಕೊಡುತ್ತದೆ; ಆದರೆ ಧರ್ಮ, ಜನಾಂಗ, ಜಾತಿ, ವರ್ಗದ ಭೇದ ಮಾಡುವಂತಿಲ್ಲ.

ಆ ಬಾಗಿಲಿನ ಹತ್ತಿರ ದೇಶ ಎರಡು ಸಲ ಹೋಗಿ ಬಂದಿದೆ. ಚೀನಾ ಯುದ್ಧದ ಪೆಟ್ಟು ತಿಂದ ಮೇಲೆ 1963ರಲ್ಲಿ ಕಾಲೇಜು ಹುಡುಗರಿಗೆ ಎನ್‌ಸಿಸಿ ಕಡ್ಡಾಯವಾಯಿತು, 1968ರಲ್ಲಿ ಮತ್ತೆ ಐಚ್ಛಿಕವಾಯಿತು. ಬಾಂಗ್ಲಾ ಯುದ್ಧದ ಮರುವರ್ಷ, ಅಂದರೆ 1972ರಲ್ಲಿ, ಪಾರ್ಲಿಮೆಂಟು ರಾಷ್ಟ್ರೀಯ ಸೇವಾ ಕಾಯ್ದೆಯನ್ನು ಒಪ್ಪಿತು. ಅದರ ಗುರಿ ಡಾಕ್ಟರು, ಎಂಜಿನಿಯರುಗಳಂಥ ತರಬೇತಾದ ಪದವೀಧರರು. ಬರೀ ಮೈಬಲದ ಜವಾನರಿಗೆ ಈ ದೇಶದಲ್ಲಿ ಬರ ಬಂದದ್ದಿಲ್ಲ ಎಂಬುದಕ್ಕೆ ಇದೇ ಸಾಕ್ಷಿ.

ಒತ್ತಾಯದ ಭರತಿ ಎಂಥದು ಎಂಬುದನ್ನು ನಮ್ಮ ಹಿರಿಯರು ಬ್ರಿಟಿಷರ ಕಾಲದಲ್ಲಿ ಕಂಡಿದ್ದರು. ಮೊದಲ ಮಹಾಯುದ್ಧದ ಕೊನೆಯ ವರ್ಷಗಳಲ್ಲಿ ಪಂಜಾಬಿನ ಹಳ್ಳಿಗಳಿಗೆ ಇಷ್ಟಿಷ್ಟು ಆಳು ಎಂದು ಲೆಕ್ಕ ಕಟ್ಟಿ ರಂಗರೂಟರನ್ನು ಎತ್ತಿದರು. ಕಾಗದದ ಮೇಲೆ ಎಲ್ಲರೂ ಸ್ವಯಂಸೇವಕರೇ! 1918ರಲ್ಲಿ ಗಾಂಧೀಜಿಯವರೂ ಗುಜರಾತಿನ ಖೇಡಾ ಜಿಲ್ಲೆಯಲ್ಲಿ ಸೈನ್ಯಕ್ಕೆ ಸೇರಿ ಎಂದು ಊರೂರು ನಡೆದರು. ಕಂದಾಯ ಸತ್ಯಾಗ್ರಹದಲ್ಲಿ ಎತ್ತಿನ ಗಾಡಿಯನ್ನು ಪುಕ್ಕಟೆ ಕೊಟ್ಟಿದ್ದ ಅದೇ ಜನ ಈ ಸಲ ಬಾಡಿಗೆಗೂ ಗಾಡಿ ಕೊಡಲಿಲ್ಲ. ಎರಡನೇ ಮಹಾಯುದ್ಧದ ಹೊತ್ತಿಗೆ ಭಾರತೀಯ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆಯಿತು. ಅಲ್ಲಿ ಕಡ್ಡಾಯ ಇರಲಿಲ್ಲ. ಕೆಲಸ ಮಾಡಿದ್ದು ಹೊಟ್ಟೆ ಮತ್ತು ಸಂಬಳ.

ಅಲ್ಲಿ ಬರುವವರಿಲ್ಲ, ಇಲ್ಲಿ ಕರೆಯುವವರಿಲ್ಲ

ಸೈನ್ಯಕ್ಕೆ ಆಳಿನ ಕೊರತೆ ಇಂದು ಬೇರೆ ಬೇರೆ ದೇಶಗಳ ಚಿಂತೆ. ಅಮೆರಿಕದಲ್ಲಿ 1973ರಲ್ಲಿ ಕಡ್ಡಾಯ ಭರತಿ ನಿಂತಿತು. 2022ರಲ್ಲಿ ಅಲ್ಲಿನ ಭೂಸೇನೆಗೆ 60,000 ಆಳು ಬೇಕಿತ್ತು, ಸಿಕ್ಕವರು ಸುಮಾರು 45,000. ಆಮೇಲೆ ಓದಿನಲ್ಲಿ, ಮೈತೂಕದಲ್ಲಿ ಹಿಂದೆ ಬಿದ್ದವರಿಗೆ ಮುಂಗಡ ತರಬೇತಿ ಕೊಟ್ಟು ಸುಧಾರಿಸಿಕೊಂಡರು. ಆದರೂ 18ರಿಂದ 25 ವರ್ಷದ ಗಂಡಸರ ಹೆಸರು ನೋಂದಣಿ ಅಲ್ಲಿ 1980ರಿಂದ ನಡೆದೇ ಇದೆ. ಗ್ರೀನ್ ಕಾರ್ಡ್ ಪಡೆದ ಮನೆಗಳ ಗಂಡುಮಕ್ಕಳಿಗೂ ಇದು ಅನ್ವಯ. ಅಲ್ಲಿ ನೆಲೆಸಿದ ಕನ್ನಡಿಗರ ಮಕ್ಕಳೂ ಇದಕ್ಕೆ ಹೊರತಲ್ಲ.

ಯುದ್ಧದಲ್ಲಿ ಸಿಕ್ಕಿಬಿದ್ದ ಉಕ್ರೇನ್ 2024ರ ಏಪ್ರಿಲ್‌ನಲ್ಲಿ ಕಡ್ಡಾಯ ಭರತಿಯ ವಯಸ್ಸನ್ನು 27ರಿಂದ 25ಕ್ಕೆ ಇಳಿಸಿತು. 2011ರಲ್ಲಿ ಕಡ್ಡಾಯ ಸೇವೆ ನಿಲ್ಲಿಸಿದ್ದ ಜರ್ಮನಿ 2025ರ ಡಿಸೆಂಬರ್‌ನಲ್ಲಿ ಹೊಸ ಕಾನೂನು ಮಾಡಿ, 2008 ಮತ್ತು ಆಮೇಲೆ ಹುಟ್ಟಿದ ಹುಡುಗರೆಲ್ಲ ಪ್ರಶ್ನಾವಳಿ ತುಂಬಬೇಕು ಎಂದಿತು. ಸೇವೆ ಇನ್ನೂ ಸ್ವಇಚ್ಛೆಯದೇ, ಆದರೆ ಪಟ್ಟಿ ತಯಾರಾಗುತ್ತದೆ.

ನಮ್ಮ ಕೊರತೆಯ ಕಥೆ ಬೇರೆ. 2023ರ ಮಾರ್ಚ್‌ನಲ್ಲಿ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರದ ಪ್ರಕಾರ ಮೂರೂ ಪಡೆಗಳಲ್ಲಿ ಸುಮಾರು 1.55 ಲಕ್ಷ ಜಾಗ ಖಾಲಿ ಇದ್ದವು, ಅದರಲ್ಲಿ ಭೂಸೇನೆಯದೇ 1.36 ಲಕ್ಷ. ಇದು ಹುಡುಗರು ಬಾರದೆ ಆದ ಕೊರತೆಯೇ? ಖಂಡಿತ ಅಲ್ಲ. ಕೋವಿಡ್ ಕಾರಣ ಹೇಳಿ 2020ರಿಂದ 2022ರವರೆಗೆ ಭೂಸೇನೆಯ ಭರತಿ ನಿಂತಿತು. ನಿವೃತ್ತಿ ಮಾತ್ರ ನಿಲ್ಲಲಿಲ್ಲ. ಮೈದಾನದ ಪರೀಕ್ಷೆ ಪಾಸಾಗಿ ಲಿಖಿತ ಪರೀಕ್ಷೆಗೆ ಕಾಯುತ್ತಿದ್ದವರ ವಯಸ್ಸು ಮೀರಿತು. ದೈಹಿಕವಾಗಿ ಪಾಸಾದವನಿಗೆ ಸರ್ಕಾರಿ ಕಾಗದ ಬರಲಿಲ್ಲ. ಬಂದದ್ದು 2022ರ ಜೂನ್ 14ರ ಅಗ್ನಿಪಥ ಘೋಷಣೆ. ಹಳೆಯ ಭರತಿಗಳೆಲ್ಲ ರದ್ದಾದವು.

ಹೀಗಿರುವಾಗ ಕಡ್ಡಾಯ ಭರತಿಯ ಮಾತು ನಮಗೆ ಯಾವ ಲೆಕ್ಕಕ್ಕೆ? ನೀರಿಗೆ ಸಾಲು ನಿಂತವರಿದ್ದಾರೆ, ನಲ್ಲಿ ತಿರುಗಿಸುವ ಕೈ ಬೇಕಷ್ಟೆ.

ನಾಲ್ಕು ವರ್ಷದ ಲೆಕ್ಕ

ಅಗ್ನಿವೀರನ ಸಂಬಳ ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಕೈಗೆ ಸಿಗುವುದು 21,000. ನಾಲ್ಕನೇ ವರ್ಷಕ್ಕೆ 40,000, ಕೈಗೆ 28,000. ಹಿಡಿದುಕೊಂಡ ಹಣಕ್ಕೆ ಸರ್ಕಾರ ಅಷ್ಟೇ ಸೇರಿಸಿ, ಕೊನೆಗೆ ಬಡ್ಡಿಯೊಂದಿಗೆ ಸುಮಾರು 11.71 ಲಕ್ಷ ರೂಪಾಯಿ 'ಸೇವಾ ನಿಧಿ' ಕೊಡುತ್ತದೆ. ಸೇವೆಯಲ್ಲಿದ್ದಾಗ ಜೀವ ಹೋದರೆ 48 ಲಕ್ಷದ ವಿಮೆ. ಪಿಂಚಣಿ ಇಲ್ಲ, ಗ್ರಾಚ್ಯುಟಿ ಇಲ್ಲ. ನಾಲ್ಕು ವರ್ಷವಾದ ಮೇಲೆ ಪ್ರತಿ ತಂಡದಲ್ಲಿ ನೂರಕ್ಕೆ ಹೆಚ್ಚೆಂದರೆ 25 ಮಂದಿಯನ್ನು ಕಾಯಂ ಮಾಡಿಕೊಳ್ಳುವುದು ಯೋಜನೆಯ ನಿಯಮ. ಉಳಿದ 75 ಮಂದಿ ಊರಿಗೆ.

ಭೂಸೇನೆಯ ಮೊದಲ ತಂಡ 2023ರ ಜನವರಿಯಲ್ಲಿ ತರಬೇತಿ ಶುರು ಮಾಡಿತು. ಅಂದರೆ ಅವರ ನಾಲ್ಕು ವರ್ಷ ತುಂಬುವುದು 2026 ಮುಗಿದು 2027 ಹುಟ್ಟುವ ಹೊತ್ತಿಗೆ. ಇಪ್ಪತ್ತೆರಡು, ಇಪ್ಪತ್ಮೂರರ ಹುಡುಗ ಬಂದೂಕು ಹಿಡಿಯುವುದನ್ನು ಕಲಿತು, ಹಿಮದಲ್ಲಿ ಕಾವಲು ಕಾಯ್ದು, ಮನೆಗೆ ಬರುತ್ತಾನೆ. ಸೇವಾ ನಿಧಿಯಲ್ಲಿ ಅಕ್ಕನ ಮದುವೆ ಸಾಲ ತೀರಬಹುದು, ಬೋರ್‌ವೆಲ್ ತೋಡಿಸಬಹುದು. ಮುಂದೆ?

ಒಂದೇ ಮಾತು, ಬೇರೆ ಅಳತೆ

ಗಡಿನಾಡಿನ ಹುಡುಗನಿಗೆ ಇನ್ನೂ ಕೆಲವು ಗಂಟುಗಳಿವೆ. ಸೈನ್ಯದ ಭರತಿ ನಡೆಯುವುದು ವಾಸದ ಜಿಲ್ಲೆಯ ಮೇಲೆ. ಜತ್ತದವನು ಹೋಗಬೇಕಾದದ್ದು ಕೊಲ್ಹಾಪುರದ ಭರತಿ ಕಚೇರಿಗೆ. ಕಾಸರಗೋಡು, ವಯನಾಡಿನವರಿಗೆ ಕೋಝಿಕ್ಕೋಡ್. ನೀಲಗಿರಿ, ತಾಳವಾಡಿ, ಹೊಸೂರಿನವರಿಗೆ ಕೊಯಮತ್ತೂರು. ರಾಯದುರ್ಗ, ಮಡಕಶಿರಾದವರಿಗೆ ಗುಂಟೂರು. ಬೆಳಗಾವಿಯ ಮರಾಠಾ ಲಘು ಪದಾತಿ ದಳದ ಕೇಂದ್ರ ಜತ್ತದವನಿಗೆ ಎಷ್ಟೇ ಹತ್ತಿರವಿದ್ದರೂ, ಬೆಳಗಾವಿ ಕಚೇರಿಯ ಸಾಲಿನಲ್ಲಿ ಅವನಿಗೆ ಜಾಗವಿಲ್ಲ.

ಅಳತೆಯೂ ಬೇರೆ. ಸಾಮಾನ್ಯ ಸೈನಿಕ ಹುದ್ದೆಗೆ ಕರ್ನಾಟಕ, ಕೇರಳ, ತಮಿಳುನಾಡು, ಆಂಧ್ರ, ಗೋವಾದ ಹುಡುಗರಿಗೆ ಎತ್ತರ 166 ಸೆಂಟಿಮೀಟರ್ ಸಾಕು. ಮಹಾರಾಷ್ಟ್ರ ಪಶ್ಚಿಮ ವಲಯಕ್ಕೆ ಸೇರಿದ್ದರಿಂದ ಅಲ್ಲಿ 168 ಬೇಕು. ಅಥಣಿಯಲ್ಲಿರುವ ಸೋದರಮಾವನ ಮಗ ಪಾಸಾಗುವ ಎತ್ತರಕ್ಕೆ ಜತ್ತದ ಅಳಿಯ ಫೇಲಾಗಬಹುದು. ಗಡಿಗೆರೆ ಮೈ ಅಳತೆಯನ್ನೂ ಬದಲಿಸಿತಲ್ಲ ಎಂಬುದು ವಿಪರ್ಯಾಸ!

ಒಳ್ಳೆಯ ಸುದ್ದಿಯೂ ಉಂಟು. 2025ರಲ್ಲಿ ಅಗ್ನಿವೀರರ ಸಾಮಾನ್ಯ ಪ್ರವೇಶ ಪರೀಕ್ಷೆ 13 ಭಾಷೆಗಳಲ್ಲಿ ನಡೆಯಿತು, ಅದರಲ್ಲಿ ಕನ್ನಡವೂ ಒಂದು. ಕನ್ನಡ ಮಾಧ್ಯಮದಲ್ಲಿ ಹತ್ತನೆಯ ತರಗತಿ ಮುಗಿಸಿದ ಜತ್ತದ ಅಥವಾ ಮಂಜೇಶ್ವರದ ಹುಡುಗ ಅರ್ಜಿ ತುಂಬುವಾಗಲೇ ಭಾಷೆಯ ಕಲಮನ್ನು ನೋಡಿಕೊಳ್ಳಬೇಕು. ಇನ್ನೊಂದು ಎಚ್ಚರಿಕೆ ಕಾಗದಪತ್ರದ್ದು. ಅಂಕಪಟ್ಟಿಯಲ್ಲಿ ಒಂದು ಹೆಸರು, ಆಧಾರ್‌ನಲ್ಲಿ ಇನ್ನೊಂದು, ಅಪ್ಪನ ಹೆಸರು ಒಂದರಲ್ಲಿ ಮುಂದೆ, ಇನ್ನೊಂದರಲ್ಲಿ ಹಿಂದೆ: ಎರಡು ಲಿಪಿಗಳ ನಡುವೆ ಬದುಕುವವರಿಗೆ ಇದು ಹೊಸತಲ್ಲ. ಭರತಿ ಅಧಿಕಾರಿಯ ಎದುರು ಇದನ್ನೆಲ್ಲ ವಿವರಿಸಲು ಸಮಯ ಸಿಗುವುದಿಲ್ಲ. ವಾಸದ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರಗಳನ್ನು ಆರು ತಿಂಗಳು ಮೊದಲೇ ಸರಿಮಾಡಿಸಿಕೊಂಡವನು ಜಾಣ. 1.6 ಕಿಲೋಮೀಟರನ್ನು 5 ನಿಮಿಷ 30 ಸೆಕೆಂಡಿನೊಳಗೆ ಓಡಿದವನಿಗೆ ಪೂರ್ತಿ 60 ಅಂಕ. ಆದರೆ ಕಾಲು ಗೆದ್ದದ್ದನ್ನು ಕಾಗದ ಸೋಲಿಸಬಾರದು.

ಆಗಬೇಕಾದ್ದು

ಬೆಳಗಾಗುವ ಮೊದಲು ಗಡಿಯ ಡಾಂಬರು ರಸ್ತೆಗಳಲ್ಲಿ ಓಡುವ ಹುಡುಗರಿಗೆ ಯುದ್ಧದ ಹೆದರಿಕೆಗಿಂತ ನಾಲ್ಕು ವರ್ಷದ ಮೇಲಿನ ಹೆದರಿಕೆ ದೊಡ್ಡದು. ಕೇಂದ್ರ ಅರೆಸೇನಾ ಪಡೆಗಳಲ್ಲಿ ಮಾಜಿ ಅಗ್ನಿವೀರರಿಗೆ ಶೇ. 10 ಮೀಸಲಾತಿಯನ್ನು 2022ರಲ್ಲಿ ಘೋಷಿಸಲಾಯಿತು. ಕೆಲವು ರಾಜ್ಯಗಳು ತಮ್ಮ ಪೊಲೀಸ್ ಇಲಾಖೆಯಲ್ಲಿ ಜಾಗ ಕೊಡುವುದಾಗಿ ಹೇಳಿದವು. ರಾಜ್ಯದ ಮಾತು ಬಂದಾಗ ಗಡಿನಾಡಿನವನು ಎರಡೂ ಕಡೆಯಿಂದ ಜಾರುವ ಭಯ ಇದ್ದೇ ಇದೆ. ವಾಸವಿರುವ ರಾಜ್ಯದ ಪೊಲೀಸ್ ಪರೀಕ್ಷೆ ಹೆಚ್ಚಾಗಿ ಅಲ್ಲಿನ ಭಾಷೆಯಲ್ಲಿ. ಕರ್ನಾಟಕದ ಹುದ್ದೆಗೆ ವಾಸದ ಪ್ರಶ್ನೆ.

ಇದಕ್ಕೆ ದಾರಿ ಇಲ್ಲವೆಂದಲ್ಲ. ವೃತ್ತಿಶಿಕ್ಷಣದ ಸಿಇಟಿಯಲ್ಲಿ ಗಡಿನಾಡ ಮತ್ತು ಹೊರನಾಡ ಕನ್ನಡಿಗರ ಮಕ್ಕಳಿಗೆ ಕರ್ನಾಟಕ ಪ್ರತ್ಯೇಕ ಅರ್ಹತಾ ನಿಯಮವನ್ನೇ ಇಟ್ಟಿದೆ. ಎಂಜಿನಿಯರ್ ಆಗುವವನಿಗೆ ತೆರೆದ ಆ ಬಾಗಿಲು ಸೈನಿಕನಾಗಿ ಬಂದವನಿಗೂ ತೆರೆಯಲಿ. ಮಾಜಿ ಅಗ್ನಿವೀರರಿಗೆ ರಾಜ್ಯ ಏನೇ ಸೌಲಭ್ಯ ಕೊಡುವುದಾದರೂ ಆ ಆದೇಶದಲ್ಲಿ 'ಗಡಿನಾಡ ಕನ್ನಡಿಗರೂ ಸೇರಿ' ಎಂಬ ಮೂರು ಪದ ಇರಬೇಕು. ಮಹಾರಾಷ್ಟ್ರ, ಕೇರಳ, ತಮಿಳುನಾಡು, ಆಂಧ್ರ ಸರ್ಕಾರಗಳೂ ತಮ್ಮ ಭಾಷಾ ಅಲ್ಪಸಂಖ್ಯಾತ ಸೈನಿಕನನ್ನು ಭಾಷಾ ಪರೀಕ್ಷೆಯ ನೆಪದಲ್ಲಿ ಹೊರಗಿಡಬಾರದು.

ದೇಶಕ್ಕೆ ದೊಡ್ಡ ಯುದ್ಧ ಬಂದರೆ ಮನೆಗೊಬ್ಬನನ್ನು ಎಳೆಯುವ ಪ್ರಸಂಗ ಬರಲಾರದು. ಕರೆದರೆ ಸಾಕು, ಬರುವವರು ಬೇಕಾದಷ್ಟಿದ್ದಾರೆ. ಆದರೆ ಹೋಗಿ ಬಂದ ಹುಡುಗ ಊರ ಕಟ್ಟೆಯ ಮೇಲೆ ಕೆಲಸವಿಲ್ಲದೆ ಕೂತದ್ದನ್ನು ಅವನ ತಮ್ಮಂದಿರು ನೋಡುತ್ತಾರೆ. ಮುಂದಿನ ಭರತಿಯ ಸಾಲು ಉದ್ದವಾಗುವುದೋ ಗಿಡ್ಡವಾಗುವುದೋ ಎಂಬುದು ನಿರ್ಧಾರವಾಗುವುದು ಅಲ್ಲಿಯೇ.