ಹಿಡಿ ಬದಲಾದರೆ ಬಂದೂಕು ಬದಲಾಯ್ತಾ?

ಇವತ್ತು ಒಂದು ಬಂದೂಕಿನ ಕಥೆ ಹೇಳ್ತೀನಿ. ಗಾಬರಿ ಬೇಡ, ಗುಂಡು ಹಾರಿದ ಕಥೆಯಲ್ಲ. ಹಾರದೇ ಇದ್ದ ಬಂದೂಕಿನ ಕಥೆ.

2023ರ ವಿಧಾನಸಭಾ ಚುನಾವಣೆ ಮುಗಿದ ಮೇಲೆ ದೇವದುರ್ಗ ತಾಲೂಕಿನ ಹಳ್ಳಿಯಿಂದ ನನ್ನ ಸೋದರಮಾವನ ಫೋನ್ ಬಂತು. "ಅಳಿಯಾ, ಟೀವಿಯಾಗ ಎಲ್ಲಾರಿಗೂ ಕಾನೂನು ಹೇಳ್ತೀಯಲ್ಲಪ್ಪಾ, ನಂದೊಂದು ಕೇಳು. ಠಾಣೆದಾಗ ಇಟ್ಟ ಬಂದೂಕ ವಾಪಸ್ ಕೊಡವಲ್ರು. ಇದು ನಿಂದಲ್ಲ ಅಂತಾರ. ನಮ್ಮಪ್ಪ ಇಟ್ಕೊಂಡಿದ್ದ ಬಂದೂಕ ನಂದಲ್ಲದ ಯಾರ್ದು?"

ಮಾವನ ಹತ್ರ ಇರೋದು ಒಂದೇ ನಳಿಕೆಯ ತೋಟಾ ಬಂದೂಕು. ಪರವಾನಗಿ ಪುಸ್ತಕದಲ್ಲಿ ಎಸ್‌ಬಿಬಿಎಲ್ ಅಂತ ಬರೀತಾರಲ್ಲ, ಅದು. ಶೇಂಗಾ ಹೊಲಕ್ಕೆ ಹಂದಿ ನುಗ್ಗಿದಾಗ ಗಾಳಿಗೊಂದು ಸಪ್ಪಳ ಮಾಡೋದಕ್ಕೆ. ಚುನಾವಣೆ ಬಂದಾಗ ಠಾಣೆಗೆ ಒಪ್ಪಿಸಿ, ಫಲಿತಾಂಶದ ನಂತರ ತರೋದು ಅವರಿಗೆ ಜಾತ್ರೆಯಷ್ಟೇ ರೂಢಿ. 2018ರಲ್ಲಿ ಕೊಟ್ಟು ತಂದಿದ್ರು, 2019ರಲ್ಲಿ ಕೊಟ್ಟು ತಂದಿದ್ರು. ಈ ಸಲ ಏನಾಯ್ತು?

ನಾನು ಊರಿಗೆ ಹೋಗಿ ವಿಚಾರಿಸಿದಾಗ ಗೊತ್ತಾಯ್ತು. ಗೋಡೆಗೆ ತೂಗು ಹಾಕಿದ್ದ ಬಂದೂಕಿನ ಮರದ ಹಿಡಿಗೆ ಗೆದ್ದಲು ಹಿಡಿದಿತ್ತು. ಊರಿನ ಬಡಿಗೇರಣ್ಣ ಬೇವಿನ ಮರದ್ದೊಂದು ಮಾಡಿಕೊಟ್ಟ. ಎರಡನೇ ಸಲ ಹಾರಿಸಿದಾಗ ಅದು ಕುತ್ತಿಗೆ ಹತ್ರ ಸೀಳಿತು. ಸೀಳಲೇಬೇಕು, ಯಾಕಂದ್ರೆ ಗುಂಡು ಮುಂದಕ್ಕೆ ಹೋಗುವಾಗ ಬಂದೂಕು ಹಿಂದಕ್ಕೆ ಒದೆಯುತ್ತೆ. ಆ ಒದೆತವನ್ನೆಲ್ಲ ತಡೆಯೋದು ಹಿಡಿಯ ಸಣಕಲು ಕುತ್ತಿಗೆ. ಅಲ್ಲಿ ಮರದ ಎಳೆ ಉದ್ದಕ್ಕೆ ಓಡಿರಬೇಕು. ಬಂದೂಕು ಮಾಡೋರು ಅಕ್ರೋಟಿನ ಮರ ಹುಡುಕೋದು ಅದಕ್ಕೇ. ಒದೆತ ತಿಂದರೂ ಅದು ಸುಲಭಕ್ಕೆ ಸೀಳೋದಿಲ್ಲ.

ಆಗ ಮಾನ್ವಿ ಕಡೆಯ ಬೀಗರು ನೆರವಿಗೆ ಬಂದರು. ಅವರ ಮನೇಲಿ ತೀರಿಹೋದ ಹಿರಿಯರ ಬಂದೂಕು, ಅದೇ ಕಂಪನಿಯದ್ದು, ಮೂಲೆಯಲ್ಲಿತ್ತು. ನಳಿಕೆಗೆ ತುಕ್ಕು, ಹಿಡಿ ಮಾತ್ರ ಗಟ್ಟಿ. "ಮರಾ ಅಷ್ಟ ಒಯ್ರಿ ಬೀಗರ" ಅಂದ್ರು. ಎರಡನ್ನೂ ಮಡಚಿ ಬಿಚ್ಚಿದರು. ಇವರ ನಳಿಕೆ, ಅವರ ಹಿಂಭಾಗ. ಕಟಕ್ ಅಂತ ಕೂತಿತು. ಎಲ್ಲರಿಗೂ ಖುಷಿ.

ಇಲ್ಲೇ ನೋಡಿ ಎಡವಟ್ಟಾಗಿದ್ದು. ಅವರು ತಂದದ್ದು ಮರ ಅಷ್ಟೇ ಅಲ್ಲ.

ಯಾವುದೇ ಬಂದೂಕಿನಲ್ಲಿ ಮೂರು ಭಾಗ ಅಂತ ಇಟ್ಕೊಳ್ಳಿ. ಒಂದು ನಳಿಕೆ. ಇನ್ನೊಂದು, ತೋಟಾವನ್ನು ಹಿಂದಿನಿಂದ ಬಿಗಿಹಿಡಿದು ಸಿಡಿಸುವ ಕಬ್ಬಿಣದ ಕಟ್ಟು. ಇದಕ್ಕೆ ಆ್ಯಕ್ಷನ್ ಅಂತಾರೆ. ಮೂರನೆಯದು ಭುಜಕ್ಕೆ ಆನಿಸೋ ಹಿಡಿ. ಮಡಚುವ ತೋಟಾ ಬಂದೂಕಲ್ಲಿ ಹಿಡಿ ಮತ್ತು ಆ್ಯಕ್ಷನ್ ಉದ್ದನೆಯ ಬೋಲ್ಟಿನಿಂದ ಒಂದಾಗಿರುತ್ತೆ, ನಳಿಕೆ ಬೇರೆಯಾಗಿ ಕಳಚುತ್ತೆ. ಹಾಗಾಗಿ ಮಾವ ತಂದದ್ದು ಬೀಗರ ಹಿಡಿ ಮತ್ತು ಆ್ಯಕ್ಷನ್ ಎರಡನ್ನೂ. ನಳಿಕೆ ಮೇಲೆ ಒಂದು ನಂಬರ್, ಆ್ಯಕ್ಷನ್ ಮೇಲೆ ಮತ್ತೊಂದು. ಹಿಂದಿನ ಸಲ ಬರೆದುಕೊಂಡವರು ನಳಿಕೆ ನೋಡಿದ್ರು. ಈ ಸಲದವರು ಕನ್ನಡಕ ಹಾಕ್ಕೊಂಡು ಎರಡೂ ನೋಡಿದ್ರು. ಅವರದ್ದೇನೂ ತಪ್ಪಿಲ್ಲ ಬಿಡಿ.

ಬೋಲ್ಟ್ ಎಳೆಯುವ ರೈಫಲ್ಲಿನಲ್ಲಿ ಕಥೆ ಉಲ್ಟಾ. ಅಲ್ಲಿ ನಳಿಕೆಯನ್ನು ಆ್ಯಕ್ಷನ್ನಿಗೆ ತಿರುಪಿ ಬಿಗಿದಿರ್ತಾರೆ. ಎರಡೂ ಸೇರಿ ಒಂದೇ ಜೀವ. ಹಿಡಿ ಅನ್ನೋದು ಅದು ಕೂರುವ ತೊಟ್ಟಿಲು. ಕೆಳಗಿನಿಂದ ಎರಡು ಮೂರು ಸ್ಕ್ರೂ ಬಿಚ್ಚಿದರೆ ಇಡೀ ಕಬ್ಬಿಣದ ಭಾಗ ಮೇಲೆದ್ದು ಬರುತ್ತೆ. ಅಮೆರಿಕ, ಯುರೋಪಿನ ಗುರಿಕಾರರು ಈಗ ಅಲ್ಯೂಮಿನಿಯಂ ಹಿಡಿಗಳನ್ನು ಇಟ್ಟುಕೊಂಡು, ಬೆಳಿಗ್ಗೆ ಸ್ಪರ್ಧೆಗೆ ಒಂದು, ಸಂಜೆ ಇನ್ನೊಂದು ಅಂತ ಬದಲಿಸ್ತಾರೆ. ನಮ್ಮ ಹುಡುಗರು ಮೊಬೈಲ್ ಕವರ್ ಬದಲಿಸಿದ ಹಾಗೆ!

ಅಷ್ಟು ಸಲೀಸಾ? ಪೂರ್ತಿ ಅಲ್ಲ. ಆ್ಯಕ್ಷನ್ನಿನ ತಳದಲ್ಲಿ ಒಂದು ದಪ್ಪ ಹಲ್ಲು ಇರುತ್ತೆ, ಒದೆತವನ್ನು ಹಿಡಿಗೆ ದಾಟಿಸೋದು ಅದೇ. ಅದು ಹಿಡಿಯ ಗೂಡಿನಲ್ಲಿ ಬಿಗಿಯಾಗಿ ಕೂರಬೇಕು. ಕೂದಲೆಳೆ ಸಡಿಲವಿದ್ರೂ ಪ್ರತಿ ಗುಂಡಿಗೆ ಗುರಿ ಅಲೆಯುತ್ತೆ. ಸ್ಕ್ರೂಗಳನ್ನು ತಯಾರಕರು ಹೇಳಿದ ಬಿಗಿತಕ್ಕೇ ಅಳೆದು ಬಿಗಿಯಬೇಕು. ಬದಲಿಸಿದ ಮೇಲೆ ಮೊದಲ ಗುಂಡು ಎಲ್ಲಿ ಬೀಳುತ್ತೆ ಅಂತ ನೋಡಿ ಗುರಿಯನ್ನು ಮತ್ತೆ ಹೊಂದಿಸಲೇಬೇಕು. ಆದರೆ ಒಂದು ಅಪಾಯ ಇಲ್ಲ. ನಳಿಕೆಯೂ ಆ್ಯಕ್ಷನ್ನೂ ಬೇರೆಯಾಗದ ಕಾರಣ ತೋಟಾ ಕೂರುವ ಜಾಗದ ಅಳತೆ ಕೆಡೋದಿಲ್ಲ. ಮಾವನ ಬಂದೂಕಲ್ಲಿ ಕೆಟ್ಟಿದ್ದು ಅದೇ ಅಳತೆ. ನಳಿಕೆಯ ಬುಡ ಆ್ಯಕ್ಷನ್ನಿನ ಮುಖಕ್ಕೆ ಅಂಟಿ ಮುಚ್ಚಬೇಕು, ಅದನ್ನು ಕಾರ್ಖಾನೆಯಲ್ಲಿ ಜೋಡಿ ಜೋಡಿಯಾಗಿ ಹೊಂದಿಸಿರ್ತಾರೆ. ಬೇರೆಯವರ ಜೋಡಿ ಕಟಕ್ ಅಂದ ಮಾತ್ರಕ್ಕೆ ಕೂತಿದೆ ಅಂತಲ್ಲ. ಸಂದು ಉಳಿದರೆ ಬೆಂಕಿ ಮುಂದಕ್ಕೆ ಹೋಗದೆ ಮುಖಕ್ಕೆ ಬರುತ್ತೆ. ಅಷ್ಟು ದಿನ ಮಾವನ ಕಣ್ಣು ಉಳಿದದ್ದು ದೈವ.

ಹಿಡಿ ಬದಲಿಸೋದು ಹೊಸ ವಿದ್ಯೆ ಅಂತ ತಿಳೀಬೇಡಿ. ನಮ್ಮ ಪೊಲೀಸರ ಹೆಗಲ ಮೇಲೆ ದಶಕಗಟ್ಟಲೆ ಇದ್ದ .303 ರೈಫಲ್ ನೆನಪಿದೆಯಲ್ಲ? ಲೀ ಎನ್‌ಫೀಲ್ಡ್. ಉತ್ತರ ಪ್ರದೇಶ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದೇ 2020ರಲ್ಲಿ. ಅದರ ಹಿಂಭಾಗದ ಮರ ಉದ್ದ, ಸಾಧಾರಣ, ಗಿಡ್ಡ ಅಂತ ಬೇರೆ ಬೇರೆ ಅಳತೆಯಲ್ಲಿ ಬರ್ತಿತ್ತು. ಸಿಪಾಯಿಯ ತೋಳು ನೋಡಿ ಹಾಕೋರು. ಅದರಲ್ಲೂ ಒಂದು ಗುಟ್ಟು. ಮುಂದಿನ ಮರ ಬಿಚ್ಚದೆ ಹಿಂದಿನ ಬೋಲ್ಟ್ ತಿರುಗಿಸಿದರೆ ಮುಂದಿನ ಮರ ಸೀಳ್ತಿತ್ತು. ಇನ್ನು ಬೋಲ್ಟಿನ ಮೇಲೂ ರೈಫಲ್ಲಿನ ನಂಬರನ್ನೇ ಹೊಡೆದಿರ್ತಿದ್ರು, ಒಂದರದ್ದು ಇನ್ನೊಂದಕ್ಕೆ ಹೋಗಬಾರದು ಅಂತ. ಮರಕ್ಕೆ ಸಲುಗೆ, ಕಬ್ಬಿಣಕ್ಕಿಲ್ಲ.

ರಾಯಚೂರಿನವರಿಗೆ ಇನ್ನೂ ಹತ್ತಿರದ ಉದಾಹರಣೆ ಕೊಡಲಾ? ಕೋಟೆಗೆ ಹೋಗಿ. 1520ರಲ್ಲಿ ಕೃಷ್ಣದೇವರಾಯ ಇಸ್ಮಾಯಿಲ್ ಆದಿಲ್ ಶಾಹನನ್ನು ಸೋಲಿಸಿ ಗೆದ್ದ ಕೋಟೆ. ಕ್ರಿಸ್ತೊವಾವ್ ಡಿ ಫಿಗೆರೆದೊ ಎಂಬ ಪೋರ್ಚುಗೀಸನ ಜೊತೆಗಿದ್ದ ಕೆಲವೇ ಬಂದೂಕುಧಾರಿಗಳು ಗೋಡೆ ಮೇಲೆ ತಲೆ ಎತ್ತಿದವರನ್ನೆಲ್ಲ ಹೊಡೆದುರುಳಿಸಿದ್ದು ಇಲ್ಲೇ. ಆಮೇಲಿನ ಕಾಲದಲ್ಲಿ ದಖ್ಖನ್ನಿನ ಕೋಟೆಗಳ ಬುರುಜಿನ ಮೇಲೆ ತೋಪು ಕೂರಿಸಿದ ರೀತಿಯನ್ನು ರಿಚರ್ಡ್ ಈಟನ್ ಮತ್ತು ಫಿಲಿಪ್ ವಾಗನರ್ ಎಂಬ ವಿದ್ವಾಂಸರು ಅಳೆದು ನೋಡಿದ್ದಾರೆ. ತೋಪಿನ ಎರಡೂ ಪಕ್ಕ ಗೂಟದಂಥ ತುಂಡು, ಅದನ್ನು ಹೊರುವ ಕಬ್ಬಿಣದ ಕವಲು, ಕವಲು ತಿರುಗೋಕೆ ಕಲ್ಲಿನಲ್ಲಿ ಗುಳಿ. ತೋಪೇ ಬೇರೆ, ಅದರ ಆಸನವೇ ಬೇರೆ!

ಸರಿ, ಕಾನೂನು ಏನನ್ನುತ್ತೆ? 1959ರ ಆಯುಧ ಕಾಯ್ದೆಯ ಪ್ರಕಾರ ಬಂದೂಕಿನ ಬಿಡಿಭಾಗವೂ ಬಂದೂಕೇ. 5ನೇ ಸೆಕ್ಷನ್ ಪ್ರಕಾರ ರಿಪೇರಿಗೂ ಪರವಾನಗಿ ಇದ್ದವನೇ ಬೇಕು, ಅಂದ್ರೆ ನಮ್ಮ ಬಡಿಗೇರಣ್ಣ ಕೂಡ ಸಿಕ್ಕಿಬೀಳ್ತಾನೆ. 8ನೇ ಸೆಕ್ಷನ್ ಪ್ರಕಾರ ನಂಬರ್ ಅಳಿಸುವ ಹಾಗಿಲ್ಲ. ಅಳಿಸಿದ ಬಂದೂಕು ನಿಮ್ಮ ಕೈಲಿದ್ರೆ ನೀವೇ ಅಳಿಸಿದಿರಿ ಅಂತ ಊಹಿಸ್ತಾರೆ, ಅಲ್ಲ ಅಂತ ಸಾಬೀತು ಮಾಡೋ ಭಾರ ನಿಮ್ಮ ಮೇಲೆ. ತೀರಿಹೋದವರ ಬಂದೂಕು? ಪರವಾನಗಿ ಅವರ ಜೊತೆಗೇ ಹೋಯ್ತು. 21ನೇ ಸೆಕ್ಷನ್ ಪ್ರಕಾರ ತಡಮಾಡದೆ ಠಾಣೆಗೋ, ಪರವಾನಗಿ ಇರುವ ಬಂದೂಕು ವ್ಯಾಪಾರಿಗೋ ಒಪ್ಪಿಸಿ, ಬೇಕಾದ್ರೆ ವಾರಸುದಾರರು ಅರ್ಜಿ ಹಾಕ್ಬೇಕು. ಇನ್ನು ಪರವಾನಗಿ ಇಲ್ಲದೆ ನಳಿಕೆ ಕತ್ತರಿಸಿ ಗಿಡ್ಡ ಮಾಡಿದ್ರೆ, 2019ರ ತಿದ್ದುಪಡಿ ನಂತರ ಕನಿಷ್ಠ 7 ವರ್ಷ, ಜೀವಾವಧಿವರೆಗೂ ಹೋಗಬಹುದು. ಹೊಲ ಕಾಯೋ ರೈತನಿಗೆ ಈ ಲೆಕ್ಕವನ್ನು ಯಾರಾದ್ರೂ ಕನ್ನಡದಲ್ಲಿ ಕೂತು ಹೇಳಿದ್ದಾರಾ? ಪರವಾನಗಿ ಪುಸ್ತಕದಲ್ಲಿ ಒಂದು ಪುಟ ಹಾಕೋಕೆ ಏನು ಕಷ್ಟ ಅಂತ ನನ್ನ ಪ್ರಶ್ನೆ.

ಮಾವನ ವಿಷಯಕ್ಕೆ ಬರ್ತೀನಿ. ಆತ ನಂಬರ್ ಮುಚ್ಚಿಟ್ಟಿರಲಿಲ್ಲ, ಅದೇ ಉಳಿಸ್ತು. ನಡೆದದ್ದನ್ನು ನಡೆದ ಹಾಗೇ ಬರೆದುಕೊಟ್ವಿ. ಮಾವನ ಹಳೇ ಆ್ಯಕ್ಷನ್ ಬೀಗರ ಮನೆಯ ಅಟ್ಟದ ಮೇಲೆ ಸಿಕ್ತು, ಗೋಣಿಚೀಲದಲ್ಲಿ ಸುತ್ತಿಟ್ಟಿದ್ರು. ಎರಡು ಬಂದೂಕೂ ತಮ್ಮ ತಮ್ಮ ಜೋಡಿಗೆ ಮರಳಿದವು. ಬೀಗರದ್ದನ್ನು ಠಾಣೆಗೆ ಒಪ್ಪಿಸಿದ್ರು, ಮಾವನದ್ದು ಪರವಾನಗಿ ಇರುವ ರಿಪೇರಿ ಅಂಗಡಿಗೆ ಹೋಯ್ತು. ಅದು ಬರೋವರೆಗೆ ಮಾವ ರಾತ್ರಿ ಹೊಲದಲ್ಲಿ ಎಣ್ಣೆ ಡಬ್ಬ ಬಡಿದರು.

"ಹಂದಿ ಹೆದರ್ತಾವೇನ್ ಮಾವಾ?" ಅಂತ ಕೇಳಿದೆ.

"ಮೊದಲ್ನೇ ದಿನಾ ಹೆದರಿದ್ವು ಅಳಿಯಾ. ಈಗ ಸಪ್ಪಳಾ ಕೇಳಿದ್ರ ಊಟಕ್ಕ ಕರದಂಗ ಬರ್ತಾವ."