ರೂಟ್ ಕೀಲಿ ಯಾರ ಕೈಯಲ್ಲಿ?

ಆಂಡ್ರಾಯ್ಡ್ ಫೋನಿನಲ್ಲಿ ಪ್ರತಿ ಆ್ಯಪ್‌ಗೂ ಅದರದೇ ಗಡಿ. ಒಂದರ ಡೇಟಾ ಇನ್ನೊಂದಕ್ಕೆ ಸಿಗದು. ರೂಟ್ ಅನುಮತಿ, ಅಂದರೆ ಇಡೀ ಫೋನಿನ ಮೇಲೆ ಅಧಿಕಾರ, ಸಿಕ್ಕ ಆ್ಯಪ್‌ಗೆ ಮಾತ್ರ ಈ ಗಡಿ ಲೆಕ್ಕಕ್ಕಿಲ್ಲ.

2016ರಲ್ಲಿ ಜಾನ್ ವೂ ಹೊರತಂದ ಮ್ಯಾಜಿಸ್ಕ್ ಎಂಬ ತಂತ್ರಾಂಶ, ಸಿಸ್ಟಮ್ ವಿಭಾಗವನ್ನು ಮುಟ್ಟದೆ, ಫೋನ್ ಆನ್ ಆಗಲು ಬೇಕಾದ ಬೂಟ್ ಇಮೇಜ್ ಅನ್ನಷ್ಟೇ ತಿದ್ದಿ ರೂಟ್ ಕೊಡುತ್ತದೆ. ಯಾವುದಾದರೂ ಆ್ಯಪ್ ರೂಟ್ ಕೇಳಿದೊಡನೆ ಪರದೆಯ ಮೇಲೆ ಪ್ರಶ್ನೆ ಮೂಡುತ್ತದೆ: ಕೊಡಬೇಕೋ, ಬೇಡವೋ? ಹತ್ತೇ ನಿಮಿಷಕ್ಕೆ ಕೊಡುವ ಆಯ್ಕೆಯೂ ಉಂಟು. ಬ್ಯಾಕಪ್ ಆ್ಯಪ್ ಕೇಳಿದರೆ ಅರ್ಥವಿದೆ. ಟಾರ್ಚ್ ಆ್ಯಪ್ ಕೇಳಿತೇ? ಕೂಡಲೇ ಅಳಿಸಿ.

ಹೀಗೆ ರೂಟ್ ಮಾಡಲು, ಫೋನನ್ನು ಆರಂಭಿಸುವ ಬೂಟ್‌ಲೋಡರ್‌ನ ಬೀಗ ತೆರೆಯಬೇಕು. ಅದು ತೆರೆದೇ ಇದ್ದರೆ, ಫೋನ್ ಕೈಗೆ ಸಿಕ್ಕವರು ಬೂಟ್ ಇಮೇಜ್ ಅನ್ನೇ ಬದಲಿಸಬಹುದು. ರೂಟ್ ಬೇಡವೆನ್ನುವ, ಆಂಡ್ರಾಯ್ಡ್ ಆಧಾರಿತ ಕಾರ್ಯಾಚರಣಾ ವ್ಯವಸ್ಥೆ ಗ್ರಾಫೀನ್‌ಓಎಸ್, ಪಿಕ್ಸೆಲ್ ಫೋನಿನಲ್ಲಿ ಬೂಟ್‌ಲೋಡರ್‌ಗೆ ಮತ್ತೆ ಬೀಗ ಹಾಕಿಸುತ್ತದೆ. ಆಮೇಲೆ ಪ್ರತಿ ಸಲ ಆನ್ ಆಗುವಾಗಲೂ ಸಾಫ್ಟ್‌ವೇರ್‌ನ ಡಿಜಿಟಲ್ ಸಹಿ ತಾಳೆಯಾಗಲೇಬೇಕು. ದಿನಬಳಕೆಯ ಫೋನಿಗೆ ಈ ದಾರಿಯೇ ಮೇಲು. ರೂಟ್ ಪ್ರಯೋಗಕ್ಕೆ ಹಳೆಯ ಫೋನ್ ಇರಲಿ.